ಟಿಪ್ಪಣಿ ಬರೆಯುವ ಕೈ, ಒಪ್ಪಿಗೆ ನೀಡುವ ಕೈ

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸರಕಾರದ ಆದೇಶವೊಂದು ಹೊರಬಿದ್ದಾಗ ನಾವು ಸಚಿವರನ್ನು ಹೊಗಳುತ್ತೇವೆ ಅಥವಾ ತೆಗಳುತ್ತೇವೆ. ಆದರೆ ಸಚಿವರು ಒಪ್ಪಿಗೆ ನೀಡುವ ಮುನ್ನ ಕಡತದಲ್ಲಿ ಯಾರು ಏನು ಬರೆದಿದ್ದರು ಎಂದು ಕೇಳುವವರು ವಿರಳ. ವಸ್ತುತಃ ಸರಕಾರದ ಬಹುತೇಕ ನಿರ್ಧಾರಗಳು ರೂಪುಗೊಳ್ಳುವುದು ಆ ಬರಹದಲ್ಲಿಯೇ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಪಟ್ಟಣವೊಂದರ ನಾಗರಿಕರು ಹೆಣ್ಣುಮಕ್ಕಳಿಗೆ ವಿದ್ಯಾರ್ಥಿನಿಲಯ ಬೇಕೆಂದು ಸಚಿವರಿಗೆ ಮನವಿ ಸಲ್ಲಿಸುತ್ತಾರೆ. ಭಾವಚಿತ್ರ ಪತ್ರಿಕೆಯಲ್ಲಿ ಬಂದೊಡನೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ನಿಜವೇನೆಂದರೆ, ಮನವಿಯ ಪ್ರಯಾಣ ಆರಂಭವಾಗುವುದೇ ಆಗ. ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪಕಾರ್ಯದರ್ಶಿ, ಕಾರ್ಯದರ್ಶಿ ಹೀಗೆ ಕಡತವು ಮೆಟ್ಟಿಲೇರುತ್ತದೆ. ಬೇಡಿಕೆಯ ವಾಸ್ತವಾಂಶಗಳೇನು, ನಿಯಮ ಏನು ಹೇಳುತ್ತದೆ, ಹಿಂದೆ ಇಂಥ ಸಂದರ್ಭದಲ್ಲಿ ಏನು ಮಾಡಲಾಗಿತ್ತು, ಬೇರೆ ದಾರಿಗಳಿವೆಯೇ ಎಂಬುದನ್ನು ಟಿಪ್ಪಣಿಯಲ್ಲಿ ದಾಖಲಿಸಬೇಕು. ಹಣದ ಪ್ರಶ್ನೆಯಿದ್ದರೆ ಆರ್ಥಿಕ ಇಲಾಖೆಯ, ಕಾನೂನಿನ ಪ್ರಶ್ನೆಯಿದ್ದರೆ ಕಾನೂನು ಇಲಾಖೆಯ ಅಭಿಪ್ರಾಯ ಪಡೆಯಲಾಗುತ್ತದೆ. ಆನಂತರ ಸಚಿವರು ತೀರ್ಮಾನಿಸುತ್ತಾರೆ. ಮಹತ್ವದ ವಿಷಯವಾದರೆ ಸಚಿವ ಸಂಪುಟ ತೀರ್ಮಾನಿಸುತ್ತದೆ. ಸಂವಿಧಾನದ 166ನೇ ವಿಧಿಯನ್ವಯ ರಚಿತವಾದ ಕಾರ್ಯನಿರ್ವಹಣಾ ನಿಯಮಗಳು ಈ ಕ್ರಮವನ್ನು ನಿಗದಿಪಡಿಸಿವೆ.

ಇಲ್ಲಿ ಎರಡು ಕರ್ತವ್ಯಗಳಿವೆ. ತನಗೆ ಸರಿಯೆನಿಸಿದ್ದನ್ನು ನಿರ್ಭೀತಿಯಿಂದ ಬರೆಯುವುದು ಅಧಿಕಾರಿಯ ಮೊದಲ ಕರ್ತವ್ಯ. ಸಚಿವರು ಬೇರೆ ತೀರ್ಮಾನ ಕೈಗೊಂಡರೆ, ಅದು ಕಾನೂನುಬದ್ಧವಾಗಿರುವ ತನಕ, ನಿಷ್ಠೆಯಿಂದ ಜಾರಿಗೊಳಿಸುವುದು ಎರಡನೆಯದು. ಏಕೆಂದರೆ ಜನರಿಂದ ಆರಿಸಲ್ಪಟ್ಟವರು ಸಚಿವರೇ ಹೊರತು ಅಧಿಕಾರಿಯಲ್ಲ. ಅಧಿಕಾರಿಗಳೇ ಎಲ್ಲವನ್ನೂ ನಡೆಸಲಿ ಎನ್ನುವುದು ಪ್ರಜಾಪ್ರಭುತ್ವವಲ್ಲ. ಹಾಗೆಯೇ ಸಚಿವರ ಮುಖಭಾವ ನೋಡಿ ಬರೆಯುವ ಟಿಪ್ಪಣಿ ಸಲಹೆಯಲ್ಲ, ಮುಖಸ್ತುತಿ.

1949ರ ಅಕ್ಟೋಬರ್ 10ರಂದು ಸಂವಿಧಾನ ರಚನಾ ಸಭೆಯಲ್ಲಿ ಈ ಪ್ರಶ್ನೆ ಎದ್ದಿತ್ತು. ಬ್ರಿಟಿಷರ ಕಾಲದ ಅಧಿಕಾರಿಗಳಿಗೆ ರಕ್ಷಣೆಯೇಕೆ ಎಂದು ಅನೇಕ ಸದಸ್ಯರು ಆಕ್ಷೇಪಿಸಿದ್ದರು. ಸರ್ದಾರ್ ವಲ್ಲಭಭಾಯಿ ಪಟೇಲರು ಅಧಿಕಾರಿಗಳ ಪರ ನಿಂತರು. ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಟಿಪ್ಪಣಿಯನ್ನು ತಮ್ಮ ಕಾರ್ಯದರ್ಶಿ ಬರೆಯಬಲ್ಲರು, ಆ ಸ್ವಾತಂತ್ರ್ಯವನ್ನು ಅವರಿಗೆ ತಾವೇ ಕೊಟ್ಟಿದ್ದೇವೆ ಎಂಬುದು ಅವರ ವಾದದ ತಿರುಳಾಗಿತ್ತು. ಪಟೇಲರನ್ನು ದುರ್ಬಲ ಆಡಳಿತಗಾರರೆಂದು ಯಾರೂ ಹೇಳಲಾರರು. ಭಿನ್ನಮತದ ಟಿಪ್ಪಣಿಯನ್ನು ಸಹಿಸುವುದು ದೌರ್ಬಲ್ಯವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ?

ಸಲಹೆ ಬರಹಕ್ಕೆ ಇಳಿಯದಿದ್ದರೆ ಏನಾಗುತ್ತದೆ? ಎಂಟು ವರ್ಷಗಳಲ್ಲೇ ದೇಶ ಅದನ್ನು ಕಂಡಿತು. 1957ರಲ್ಲಿ ಜೀವ ವಿಮಾ ನಿಗಮವು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪೆನಿಗಳಲ್ಲಿ ಒಂದು ಕೋಟಿಗೂ ಮಿಕ್ಕಿ ಹಣ ತೊಡಗಿಸಿತು. ಅದು ಸಾಮಾನ್ಯ ಕುಟುಂಬಗಳು ಕಂತು ಕಂತಾಗಿ ಕಟ್ಟಿದ ಹಣ. ನಿಗಮದ ಹೂಡಿಕೆ ಸಮಿತಿಯ ಸಲಹೆಯನ್ನೇ ಕೇಳಿರಲಿಲ್ಲ. ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಪ್ರಶ್ನಿಸಿದರು. ಮುಂಬೈ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು. ಹಣಕಾಸು ಕಾರ್ಯದರ್ಶಿ ಎಚ್.ಎಂ. ಪಟೇಲ್, ಸಚಿವರ ಒಪ್ಪಿಗೆಯಿತ್ತೆಂದರು, ಸಚಿವ ಟಿ.ಟಿ. ಕೃಷ್ಣಮಾಚಾರಿ ಅದನ್ನು ನಿರಾಕರಿಸಿದರು. ಇಬ್ಬರಲ್ಲಿ ಯಾರು ಸರಿ ಎಂದು ತೋರಿಸಬಲ್ಲ ಲಿಖಿತ ಒಪ್ಪಿಗೆ ಇರಲಿಲ್ಲ. ತನ್ನ ಕಾರ್ಯದರ್ಶಿಯ ಕೃತ್ಯಕ್ಕೆ ಸಚಿವರೇ ಹೊಣೆ ಎಂದು ಛಾಗ್ಲಾ ಸಾರಿದರು. 1958ರ ಫೆಬ್ರವರಿಯಲ್ಲಿ ಸಚಿವರು ರಾಜೀನಾಮೆಯಿತ್ತರು.

ಪಾಠ ಸ್ಪಷ್ಟವಿತ್ತು. ಆದರೆ ಅದನ್ನು ಕಲಿತೆವೇ? ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳು ಮೇಲಧಿಕಾರಿಯ ಸೂಚನೆ ಸಾಮಾನ್ಯವಾಗಿ ಲಿಖಿತವಾಗಿರಬೇಕು, ಮೌಖಿಕವಾಗಿದ್ದರೆ ಬಳಿಕ ಲಿಖಿತವಾಗಿ ದೃಢಪಡಿಸಬೇಕು ಎನ್ನುತ್ತವೆ. ಆದರೂ ಫೋನಿನಲ್ಲಿ ಆಡುವ ಒಂದು ಮಾತು ಕಡತವನ್ನೇ ಬದಲಿಸುವ ರೂಢಿ ಮುಂದುವರಿಯಿತು. ಕೊನೆಗೆ ನಿವೃತ್ತ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳೇ ಸುಪ್ರೀಂ ಕೋರ್ಟಿನ ಮೊರೆ ಹೋಗಬೇಕಾಯಿತು. 2013ರ ಅಕ್ಟೋಬರ್ 31ರ ತೀರ್ಪಿನಲ್ಲಿ ನ್ಯಾಯಾಲಯವು, ಮೌಖಿಕ ಸೂಚನೆಗಳನ್ನು ಅಧಿಕಾರಿಗಳು ದಾಖಲಿಸಲೇಬೇಕು, ಇಲ್ಲದಿದ್ದರೆ ಜನರ ಮಾಹಿತಿ ಹಕ್ಕೇ ನಿರರ್ಥಕವಾಗುತ್ತದೆ ಎಂದಿತು. ನಿರ್ಭೀತ ಸಲಹೆಗೆ ವರ್ಗಾವಣೆಯೇ ಬಹುಮಾನವಾಗದಿರಲೆಂದು ನಿಗದಿತ ಸೇವಾವಧಿಯ ಏರ್ಪಾಡಿಗೂ ಸೂಚಿಸಿತು.

ಸಹೋದರರೇ, ಈ ವಿಷಯ ಅಧಿಕಾರಿ ಮತ್ತು ಸಚಿವರ ನಡುವಿನ ಖಾಸಗಿ ವ್ಯವಹಾರವೇ? ಖಂಡಿತ ಅಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಜಾರಿಗೆ ಬಂತು. ಮರುವರ್ಷವೇ ಕಡತದ ಟಿಪ್ಪಣಿಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡಲು ಕೇಂದ್ರ ಸರಕಾರ ಮುಂದಾದಾಗ, ಜನರ ಪ್ರತಿಭಟನೆಯಿಂದಾಗಿ ಹಿಂದೆ ಸರಿಯಬೇಕಾಯಿತು. ಪ್ರಾಮಾಣಿಕ ಅಧಿಕಾರಿಗೆ ಈ ಕಾಯ್ದೆ ಶತ್ರುವಲ್ಲ, ಆಸರೆ. ಬರೆದದ್ದು ನಾಳೆ ಜನರ ಕೈಸೇರುತ್ತದೆಂದು ಗೊತ್ತಿರುವಾಗ ಸುಳ್ಳು ಬರೆಯಲು ಕೈ ಅಂಜುತ್ತದೆ.

ಆದ್ದರಿಂದ ನಮ್ಮ ಪಾಲಿನ ಕೆಲಸವೂ ಇದೆ. ಮನವಿಯಲ್ಲಿ ಕೇವಲ ಬೇಡಿಕೆಯಿದ್ದರೆ ಸಾಲದು. ಎಷ್ಟು ಮಂದಿ ಹೆಣ್ಣುಮಕ್ಕಳು, ಎಷ್ಟು ದೂರದಿಂದ ಬರುತ್ತಾರೆ, ಜಾಗ ಎಲ್ಲಿದೆ, ಯಾವ ಯೋಜನೆಯಡಿ ಹಣ ಸಿಗಬಹುದು ಎಂಬ ವಿವರಗಳಿರಲಿ. ಟಿಪ್ಪಣಿ ಬರೆಯುವವನಿಗೆ ಬೇಕಾದುದು ಅವೇ. ತೀರ್ಮಾನ ನಮ್ಮ ವಿರುದ್ಧ ಬಂದರೆ ಬೀದಿಯಲ್ಲಿ ಬೈದು ಸುಮ್ಮನಾಗದೆ, ಟಿಪ್ಪಣಿ ಪುಟಗಳ ಪ್ರತಿಯನ್ನು ಕೇಳೋಣ. ಅಧಿಕಾರಿ ಸರಿಯಾದ ಸಲಹೆ ನೀಡಿದ್ದರೆ ಸಚಿವರನ್ನು ಪ್ರಶ್ನಿಸೋಣ. ಸಲಹೆಯೇ ತಪ್ಪಾಗಿದ್ದರೆ ಅದರಲ್ಲಿನ ತಪ್ಪನ್ನು ದಾಖಲೆ ಸಹಿತ ಎತ್ತಿ ತೋರಿಸೋಣ.

ಯಾರು ಏನು ಹೇಳಿದರೆಂಬುದೇ ತಿಳಿಯದ ಆಡಳಿತದಲ್ಲಿ ತಪ್ಪಿಗೆ ಯಾರೂ ಹೊಣೆಯಾಗುವುದಿಲ್ಲ, ಅದರ ಬೆಲೆಯನ್ನು ಮಾತ್ರ ಜನರು ತೆರುತ್ತಾರೆ.