ನಮ್ಮ ದುಡಿಮೆಯನ್ನು ತೋರಿಸುವ ಚಿತ್ರಗಳು
(ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಇವತ್ತು ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಬ್ಯಾಡ. ಸಿನಿಮಾದ ಮಾತು ಆಡೋಣ. ಹೀರೋ, ಹಾಡು, ಹೊಡೆದಾಟ ಇರುವ ಸಿನಿಮಾ ಅಲ್ಲ. ನಿಜವಾಗಿ ನಡೆದದ್ದನ್ನು ಆ ಜನರ ಬಾಯಿಂದಲೇ ಹೇಳಿಸುವ ಸಾಕ್ಷ್ಯಚಿತ್ರದ ಮಾತು. ಅದರ ಜೊತೆಗೇ ಪತ್ರಿಕೆಯ ಫೋಟೋದ ಮಾತು.

ನಮ್ಮ ಜಿಲ್ಲೆಯ ಫೋಟೋ ನಾಡಿನ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಯಾವಾಗ, ಸ್ವಲ್ಪ ನೆನಪು ಮಾಡಿಕೊಳ್ಳಿರಿ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿ ಜೀವ ಹೋಯಿತು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದು, ರೈತರು ರೊಚ್ಚಿಗೆದ್ದು, ವಾಹನಗಳು ಹೊತ್ತಿ ಉರಿದವು. ಆ ದಿನಗಳಲ್ಲಿ ಕ್ಯಾಮೆರಾ ಬಂದವು. ಬರಬೇಕಾದದ್ದೇ, ಬರದಿದ್ದರೆ ಸತ್ತವರ ಲೆಕ್ಕವನ್ನೂ ಯಾರೂ ಕೇಳುತ್ತಿರಲಿಲ್ಲ. ಆದರೆ ಬೆಂಕಿಯ ಫೋಟೋ ಬೆಂಕಿಯನ್ನಷ್ಟೇ ತೋರಿಸುತ್ತದೆ. ಘಾಟಿನ ನಡುವೆ ಮೂಗಿಗೆ ಸೆರಗು ಕಟ್ಟಿಕೊಂಡು, ತೂಕದ ಲೆಕ್ಕದ ಕೂಲಿಗೆ ಮೆಣಸಿನಕಾಯಿ ತುಂಬು ಬಿಡಿಸುವ ಹೆಣ್ಣುಮಗಳು ಅದರಲ್ಲಿ ಇರುವುದಿಲ್ಲ. ದರ ಏರಲಿ ಇಳಿಯಲಿ, ಆಕೆ ಕೆಮ್ಮುವುದು ಸುದ್ದಿ ಅಲ್ಲ.

ಅದಕ್ಕೇ ನಿಮಗೆ ನಿಪ್ಪಾಣಿಯ ಒಂದು ಚಿತ್ರದ ಬಗ್ಗೆ ಹೇಳಬೇಕೆಂದು ಬಂದಿದ್ದೇವೆ. ನಿಪ್ಪಾಣಿ ದೂರದ ಊರೇನಲ್ಲ, ನಮ್ಮದೇ ಬೆಳಗಾವಿ ಜಿಲ್ಲೆ. ಅಲ್ಲಿ ಬೀಡಿ ತಂಬಾಕಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಧೂಳಿನಲ್ಲಿ ಉಸಿರು, ಕಡಿಮೆ ಕೂಲಿ, ಮೇಲಿನವರ ಕಾಟ. ಅವರು ಸುಮಾರು 3000 ಜನ ಸೇರಿ ಸಂಘ ಕಟ್ಟಿದರು. ಆಗ 'ಯುಗಾಂತರ' ಎಂಬ ಚಿತ್ರತಂಡ ಅಲ್ಲಿಗೆ ಹೋಯಿತು. 1980ರಲ್ಲಿ ಶುರುವಾದ ಈ ತಂಡದಲ್ಲಿ ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಇದ್ದರು. ಕ್ಯಾಮೆರಾ ಹಿಡಿದವರು ನವರೋಜ್ ಕಾಂಟ್ರ್ಯಾಕ್ಟರ್.

ಅವರು ಮಾಡಿದ್ದೇನು ಗೊತ್ತೇನ್ರಿ? ಬಂದ ದಿನವೇ ಕ್ಯಾಮೆರಾ ತೆರೆಯಲಿಲ್ಲ. ನಾಲ್ಕು ತಿಂಗಳು ಆ ಹೆಂಗಸರ ಜೊತೆ ಕೂತು ಮಾತು ಕೇಳಿದರು. ಏನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದನ್ನು ಅವರ ಜೊತೆಗೇ ಚರ್ಚಿಸಿದರು. ಕಾರ್ಖಾನೆಯ ಒಳಗೂ ಚಿತ್ರೀಕರಣ ಮಾಡಿದರು. ಕೆಲವು ಘಟನೆಗಳನ್ನು ಆ ಹೆಂಗಸರೇ ಮತ್ತೆ ಅಭಿನಯಿಸಿ ತೋರಿಸಿದರು. 1982ರಲ್ಲಿ ಮುಗಿದ ಆ ಚಿತ್ರದ ಹೆಸರು 'ತಂಬಾಕೂ ಚಾಕಿಲಾ ಊಬ್ ಆಲಿ'. ಕಪ್ಪು-ಬಿಳುಪಿನದು, ಅರ್ಧ ತಾಸೂ ಇಲ್ಲ. ಭಾಷೆ ಮರಾಠಿ. ಮುಂದೆ ಬರ್ಲಿನ್ ನಗರದ ಆರ್ಸೆನಾಲ್ ಸಂಸ್ಥೆಯ ನೆರವಿನಿಂದ ಹಳೆಯ ರೀಲನ್ನು ಸರಿಪಡಿಸಿದ್ದಾರೆ. ನಿಪ್ಪಾಣಿಯ ಕೂಲಿಯವರ ಮಾತು ಜರ್ಮನಿಯಲ್ಲಿ ಜೋಪಾನವಾಗಿದೆ, ನಮ್ಮಲ್ಲಿ ಎಷ್ಟು ಮಂದಿಗೆ ಅದರ ಹೆಸರಾದರೂ ಗೊತ್ತು?

ಆ ಚಿತ್ರದಲ್ಲಿ ನಮಗೆ ದೊಡ್ಡದೆನಿಸುವುದು ಇದು: 'ಅಯ್ಯೋ ಪಾಪ' ಅನ್ನಿಸುವ ಮುಖ ಹುಡುಕಿಕೊಂಡು ಹೋದವರು ಅವರಲ್ಲ. ಆ ಹೆಂಗಸರು ಲೆಕ್ಕ ಹೇಳುತ್ತಾರೆ, ಜಗಳ ಹೇಳುತ್ತಾರೆ, ಮುಂದೆ ಏನು ಮಾಡೋಣ ಅಂತ ಯೋಚಿಸುತ್ತಾರೆ. ಕಣ್ಣೀರು ತೋರಿಸಿ ದೇಣಿಗೆ ಎತ್ತುವ ಚಿತ್ರಗಳು ಬೇಕಾದಷ್ಟು ಇವೆ. ಹಾಗೆ ತೆಗೆಸುವವರಲ್ಲಿ ಒಳ್ಳೆಯ ಸಂಸ್ಥೆಗಳೂ ಇವೆ, ಇರಲಿ. ಅಂಥ ಚಿತ್ರದಲ್ಲಿ ಮಾತು ಇನ್ಯಾರದೋ ಆಗಿರುತ್ತದೆ.

ಫೋಟೋದಲ್ಲೂ ಹೀಗೆ ದುಡಿದವರು ಇದ್ದಾರೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ, ಅದರಲ್ಲೂ ಮಕ್ಕಳ ಫೋಟೋ ತೆಗೆದು, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಿದರು. ಪಿ. ಸಾಯಿನಾಥ್ ಅವರು 2014ರಲ್ಲಿ ಶುರು ಮಾಡಿದ 'ಪರಿ' ಎಂಬ ಗ್ರಾಮೀಣ ವರದಿಗಳ ಸಂಗ್ರಹ ಕನ್ನಡದಲ್ಲೂ ಓದಲು ಸಿಗುತ್ತದೆ. ಅದರಲ್ಲಿ ನಮ್ಮ ಹಾವೇರಿ ಜಿಲ್ಲೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳ ವರದಿ ಇದೆ, ಬರೆದವರು ಎಸ್. ಸೆಂದಳಿರ್. ರಾಣೇಬೆನ್ನೂರಿನ ಕಡೆಯವರಿಗೆ ಈ ಕೆಲಸ ಬಿಡಿಸಿ ಹೇಳಬೇಕಿಲ್ಲ: ಮೊಗ್ಗು ಬಿಡಿಸಿ ಒಳಗಿನ ಗಂಡು ಕೇಸರ ಕೀಳುವುದು, ಮರುದಿನ ಬೆಳಿಗ್ಗೆ ಗಂಡುಹೂವಿನ ಪರಾಗ ಮುಟ್ಟಿಸುವುದು. ಒಂದೊಂದು ಹೂವಿಗೂ ಒಂದೊಂದು ಸಲ ಬೆರಳು. ಅಂಗಡಿಯಲ್ಲಿ ಬೀಜದ ಪಾಕೀಟಿನ ಮೇಲೆ ಕಾಯಿಯ ಚಿತ್ರ ಇರುತ್ತದೆ, ಆ ಬೆರಳಿನ ಚಿತ್ರ ಇರುವುದಿಲ್ಲ.

ಈಗ ನಿಮ್ಮ ಮನೆಯಲ್ಲೂ ಮೊಬೈಲಿನಲ್ಲಿ ಕ್ಯಾಮೆರಾ ಇದೆ. ಮಗಳಿಗೋ ಮಗನಿಗೋ ಹೇಳಿರಿ, ಮದುವೆ, ಜಾತ್ರೆಯ ಫೋಟೋ ತೆಗೆಯಲಿ, ಅದರ ಜೊತೆಗೆ ಅವ್ವನ ಒಂದು ದಿನದ ಕೆಲಸವನ್ನೂ ತೆಗೆಯಲಿ. ಬೇರೆಯವರದ್ದಾದರೆ ಮೊದಲು ಕೇಳಬೇಕು, ಬ್ಯಾಡ ಅಂದರೆ ಬಿಡಬೇಕು. ಕೂಲಿ ಎಷ್ಟು, ಎಷ್ಟು ತಾಸು, ನೀರು ನೆರಳು ಇದೆಯೋ ಇಲ್ಲವೋ, ಅದನ್ನು ಆಕೆಯ ದನಿಯಲ್ಲೇ ಹಿಡಿಯಲಿ. ಹೊರಗಿನವರು ಬಂದು ನಿಮ್ಮ ಫೋಟೋ ತೆಗೆದರೆ ನೀವೂ ಕೇಳಿರಿ: ಯಾತಕ್ಕೆ, ಎಲ್ಲಿ ಹಾಕುತ್ತೀರಿ, ನಮಗೆ ತೋರಿಸುತ್ತೀರೇನು? ಕೇಳುವುದು ಸೊಕ್ಕಲ್ಲ.

ನಿಪ್ಪಾಣಿಯ ಚಿತ್ರವನ್ನು ಮೊದಲು ಬ್ಯಾಡಗಿಯಲ್ಲಿ ಒಟ್ಟಿಗೆ ಕೂತು ನೋಡೋಣ. ಮರಾಠಿ ಬಲ್ಲವರು ಒಬ್ಬರು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಿದರೆ ಸಾಕು. ಹೊತ್ತು ಮಾತ್ರ ಸಂಜೆ ಏಳರ ಮೇಲೆಯೇ ಇಟ್ಟುಕೊಳ್ಳೋಣ. ತುಂಬು ಬಿಡಿಸಿ ಬಂದವರಿಗೆ ಕೈ ಉರಿ ಆರಬೇಕಲ್ಲ.