ಚಕ್ರದ ಸಾಕ್ಷಿ



ಯಲಹಂಕದವನೊಬ್ಬ ಗಾಲಿಯ ವಿಚಾರವಾಗಿ ಮಾತನಾಡಹೊರಟರೆ ತಾವು ಅದನ್ನು ಉದ್ಧಟತನವೆಂದು ಎಣಿಸಲಾರಿರಿ. ರೈಲಿನ ಗಾಲಿ ಮತ್ತು ಅಚ್ಚುಗಳನ್ನು ತಯಾರಿಸುವ ಕಾರ್ಖಾನೆ 1984ರಿಂದಲೂ ನಮ್ಮೂರಿನಲ್ಲಿದೆ. ಆದರೂ ನನ್ನದೇ ಕಾರಿನ ಒಂದು ಗಾಲಿ ಹೇಳುತ್ತಿದ್ದ ಮಾತು ನನಗೆ ಬಹುಕಾಲ ತಿಳಿಯಲಿಲ್ಲ.

ಕಳೆದ ಮುಂಗಾರಿನ ಒಂದು ಸಂಜೆ ಹೆಬ್ಬಾಳದ ಮೇಲುಸೇತುವೆಯನ್ನು ಇಳಿಯುತ್ತಿದ್ದಾಗ ಎದುರಿನ ಫಲಕದಲ್ಲಿ ‘ಎ.ಬಿ.ಎಸ್.’ ಎಂಬ ಹಳದಿ ದೀಪ ಹೊತ್ತಿಕೊಂಡಿತು. ಬ್ರೇಕನ್ನು ಬಲವಾಗಿ ತುಳಿದಾಗ ಗಾಲಿ ಬಿಗಿದು ನಿಂತು ವಾಹನ ಜಾರದಂತೆ ಕಾಯುವ ಏರ್ಪಾಡು ಅದು. 2019ರ ಏಪ್ರಿಲ್ ತಿಂಗಳಿನಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಅದು ಕಡ್ಡಾಯವಾಗಿದೆ. ಪ್ರತಿಯೊಂದು ಗಾಲಿಯ ಬಳಿಯೂ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಗಾಲಿಯೊಡನೆ ತಿರುಗುವ ಹಲ್ಲುಬಳೆಯೊಂದನ್ನು ಅದು ಸುಮಾರು ಒಂದು ಮಿಲಿಮೀಟರಿನಷ್ಟು ಸಮೀಪದಿಂದ ಗಮನಿಸುತ್ತ, ಹಲ್ಲುಗಳು ಹಾಯ್ದುಹೋಗುವ ಗತಿಯಿಂದ ಗಾಲಿಯ ವೇಗವನ್ನು ವರದಿ ಮಾಡುತ್ತದೆ. ನಾಲ್ಕರಲ್ಲಿ ಒಂದರ ವರದಿ ಕೆಟ್ಟರೂ ಏರ್ಪಾಡು ತನ್ನ ಕೆಲಸವನ್ನು ನಿಲ್ಲಿಸಿ ದೀಪ ಹೊತ್ತಿಸುತ್ತದೆ. ಸಾಮಾನ್ಯ ಬ್ರೇಕು ಇದ್ದೇ ಇರುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಜಾರದಂತೆ ಕಾಯುವ ರಕ್ಷೆ ಮಾತ್ರ ಇರುವುದಿಲ್ಲ.

ಮೊದಲು ಹೋದ ಕಡೆ ಒಂದು ಯಂತ್ರವನ್ನು ಜೋಡಿಸಿ, ‘ಮುಂದಿನ ಎಡಗಾಲಿಯ ಸೆನ್ಸರ್ ಕೆಟ್ಟಿದೆ’ ಎಂದರು. ಹೊಸದನ್ನು ಹಾಕಿ ಹಣ ಪಡೆದರು. ಹತ್ತು ದಿನಗಳಲ್ಲಿ ದೀಪ ಮತ್ತೆ ಕಾಣಿಸಿಕೊಂಡಿತು.

ಆಮೇಲೆ ಮಿತ್ರರ ಸಲಹೆಯಂತೆ ಯಶವಂತಪುರದ ಓಣಿಯೊಂದರಲ್ಲಿದ್ದ ಹಿರಿಯ ಮೆಕ್ಯಾನಿಕರೊಬ್ಬರನ್ನು ಕಂಡೆ. ಅವರೂ ಯಂತ್ರವನ್ನು ಜೋಡಿಸಿ ನೋಡಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. “ಯಾವ ಗಾಲಿ ಅನ್ನೋದನ್ನ ಇದು ಹೇಳತ್ತೆ ಸಾರ್. ಯಾಕೆ ಅನ್ನೋದನ್ನ ನಾವು ನೋಡಬೇಕು” ಎಂದರು.

ತಂತಿಯನ್ನು ಉದ್ದಕ್ಕೂ ಬೆರಳಿನಿಂದ ತಡವಿ ನೋಡಿದರು. ಅದು ಎಲ್ಲಿಯೂ ತುಂಡಾಗಿರಲಿಲ್ಲ. ಮುಂದಿನ ಎರಡೂ ಸೆನ್ಸರ್‌ಗಳ ವಿದ್ಯುತ್ ರೋಧವನ್ನು ಅಳೆದರು; ಎರಡರಲ್ಲೂ ಸಾವಿರ ಓಮಿನ ಆಸುಪಾಸು. ನನ್ನದು ಅಯಸ್ಕಾಂತ ಮತ್ತು ತಂತಿಸುರುಳಿಯ ಹಳೆಯ ಬಗೆಯಾದುದರಿಂದ ಈ ಪರೀಕ್ಷೆ ನಡೆಯಿತು. ಹೊಸ ಬಗೆಯ ಸೆನ್ಸರ್‌ಗಳಿಗೆ ಇದು ಸಲ್ಲದು. ಅನಂತರ ಜಾಕ್ ಕೊಟ್ಟು, ಗಾಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸುತ್ತ, ಸೆನ್ಸರ್‌ನಲ್ಲಿ ಹುಟ್ಟುವ ಅಲ್ಪ ವಿದ್ಯುತ್ತನ್ನು ಮೀಟರಿನಲ್ಲಿ ಗಮನಿಸಿದರು. ಬಲಗಾಲಿಯಲ್ಲಿ ಅಂಕಿ ಸಮನಾಗಿತ್ತು. ಎಡಗಾಲಿಯಲ್ಲಿ ಪ್ರತಿ ಸುತ್ತಿಗೂ ಏರಿ ಇಳಿಯುತ್ತಿತ್ತು. ಅವರು ಮೀಟರನ್ನು ಬದಿಗಿಟ್ಟು, ಗಾಲಿಯ ಮೇಲೊಂದು ಕೈ, ಕೆಳಗೊಂದು ಕೈಯಿಟ್ಟು ಅಲುಗಿಸಿದರು. ಗಾಲಿ ಕಟಕಟನೆ ಆಡಿತು.

ಸವೆದದ್ದು ಬೇರಿಂಗು! ಅದರ ಸಡಿಲದಿಂದ ಹಲ್ಲುಬಳೆ ಓಲಾಡುತ್ತಿತ್ತು. ಆ ಒಂದು ಮಿಲಿಮೀಟರಿನ ಅಂತರ ಹಿಗ್ಗಿ ಕುಗ್ಗುತ್ತಿತ್ತು. ಸೆನ್ಸರ್ ಕಂಡದ್ದನ್ನು ಕಂಡಂತೆ ವರದಿ ಮಾಡುತ್ತಿತ್ತು. ನಾವು ಸಾಕ್ಷಿಯನ್ನೇ ಅಪರಾಧಿಯೆಂದು ತಿಳಿದು ಹೊರಹಾಕಿ, ಬೇರೊಬ್ಬ ಸಾಕ್ಷಿಯನ್ನು ಕರೆತಂದಿದ್ದೆವು. ಅವನೂ ಅದೇ ಮಾತನ್ನು ಹೇಳಿದ!

ನಾಚಿಕೆಯ ಸಂಗತಿ ಇನ್ನೊಂದಿದೆ. ಎರಡು ತಿಂಗಳಿಂದ ಎಡಬದಿಯಲ್ಲಿ ಗುಂಯ್‌ಗುಡುವ ಸದ್ದೊಂದು ಕೇಳುತ್ತಲೇ ಇತ್ತು. ನಾನು ಅದನ್ನು ಬಳ್ಳಾರಿ ರಸ್ತೆಯ ತಲೆಗೆ ಕಟ್ಟಿದ್ದೆ. ಬೇರಿಂಗು ಪೂರ್ತಿ ಹಾಳಾಗಿದ್ದರೆ ಓಡುವ ಕಾರಿನ ಗಾಲಿ ಹಿಡಿತ ತಪ್ಪಬಹುದಿತ್ತು. ಆ ಕಾರಿನ ಹಿಂದಿನ ಆಸನದಲ್ಲಿ ನಿತ್ಯವೂ ನನ್ನ ಮೊಮ್ಮಗಳು ಕುಳಿತು ಶಾಲೆಗೆ ಹೋಗುತ್ತಿದ್ದಳು.

ಬೇರಿಂಗು ಬದಲಾಯಿತು, ದೀಪ ಆರಿತು. ಹೊರಗೆ ತೆಗೆದಿದ್ದ ಹಳೆಯ ಸೆನ್ಸರನ್ನು ಮೆಕ್ಯಾನಿಕರು ಒರೆಸಿ, ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತರು. “ಇಟ್ಟುಕೊಳ್ಳಿ ಸಾರ್, ಇದು ಚೆನ್ನಾಗಿಯೇ ಇದೆ” ಎಂದರು.