ಸೈನ್ಯ ಬಿಟ್ಟ ನೆಲ ಯಾರಿಗೆ ಸೇರಬೇಕು?

(ಪುತ್ತೂರಿನ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣ)



ಸೋಮವಾರದ ಸಂತೆಗೆಂದು ಕಿಲ್ಲೆ ಮೈದಾನಕ್ಕೆ ಹೋಗದವರು ನಮ್ಮಲ್ಲಿ ವಿರಳ. ಅಲ್ಲಿ ತರಕಾರಿ, ಒಣಮೀನು ಕೊಂಡಿದ್ದೇವೆ. ನಮ್ಮ ಹಿರಿಯರಲ್ಲಿ ಕೆಲವರು ಅಲ್ಲಿಯೇ ಗೋಣಿ ಹಾಸಿ ವ್ಯಾಪಾರ ಮಾಡಿ ಮಕ್ಕಳನ್ನು ಓದಿಸಿದ್ದಾರೆ. ಆದರೆ ಆ ಹೆಸರಿನ ಕುರಿತು ನಾವು ಆಲೋಚಿಸಿದ್ದು ಕಡಿಮೆ. ಕಿಲ್ಲೆ ಎಂದರೆ ಕೋಟೆ. ಆಳುವವರ ಆಯುಧಬಲದ ಹೆಸರು ಹೊತ್ತ ನೆಲದಲ್ಲಿ ಇಂದು ಬಡವನ ತಕ್ಕಡಿ ತೂಗುತ್ತಿದೆ.

1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪೆನಿ ಸರಕಾರವು ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯದ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತನು ನಗದು ಕೊಡಬೇಕಾಯಿತು. ಸಂಕಟ ದಂಗೆಯಾಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರು ಮತ್ತು ಸಂಗಡಿಗರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರನ್ನು ಹಾದು ಮಂಗಳೂರನ್ನು ತಲುಪಿದರು. ದಂಗೆಯನ್ನು ಅಡಗಿಸಿದ ಸರಕಾರ ಬಳಿಕ ಪುತ್ತೂರಿನಲ್ಲಿ ಸೈನ್ಯವನ್ನು ಇರಿಸಿತು. ಆ ಸೈನ್ಯ ಹೋಗಿ ಬಹುಕಾಲವಾಯಿತು, ನೆಲ ಉಳಿಯಿತು.

ಇಂದು ಅಂತಹ ನೆಲವೊಂದನ್ನು ಸೈನ್ಯದಿಂದ ಪಡೆಯಬೇಕಾದರೆ ಎಷ್ಟು ಬೆಲೆ ತೆರಬೇಕು ಗೊತ್ತೇ? ರಕ್ಷಣಾ ಸಚಿವಾಲಯದ ಅಧೀನದಲ್ಲಿ ದೇಶದಾದ್ಯಂತ ಸುಮಾರು 17 ಲಕ್ಷಕ್ಕೂ ಅಧಿಕ ಎಕರೆ ಭೂಮಿಯಿದೆ. ಅದರಲ್ಲಿ ಒಂದು ತುಂಡು ಬೇಕಾದರೂ ರಾಜ್ಯವು ಸಮಾನ ಮೌಲ್ಯದ ಭೂಮಿಯನ್ನೋ ಕಟ್ಟಡಗಳನ್ನೋ ಒದಗಿಸಬೇಕು. ಬೆಂಗಳೂರಿನ ರಸ್ತೆ, ಮೇಲ್ಸೇತುವೆಗಳಿಗೆ ಸೇನಾ ಭೂಮಿ ಬೇಕಾದಾಗ, 2018ರಲ್ಲಿ ಅಂದಿನ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಮತ್ತು ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಾತುಕತೆಯ ನಂತರವೇ ದಾರಿ ತೆರೆಯಿತು. ಬದಲಿಗೆ ಆನೇಕಲ್ ತಾಲೂಕಿನಲ್ಲಿ ಭೂಮಿ ಕೊಡಲು ರಾಜ್ಯ ಒಪ್ಪಿತು. ರಾಜಧಾನಿಗೆ ಆ ಶಕ್ತಿಯಿದೆ. ನಮ್ಮ ನಗರಸಭೆ, ಪಂಚಾಯತ್‌ಗಳಿಗೆ ಇದೆಯೇ? ಹಾಗಾದರೆ ಈಗಾಗಲೇ ಜನರ ಕೈಗೆ ಬಂದಿರುವ ನೆಲವನ್ನು ಕಳೆದುಕೊಳ್ಳುವುದು ಎಂತಹ ಅವಿವೇಕ!

ಸುಳ್ಯದವರು ಘಾಟಿ ಹತ್ತಿದರೆ ಮಡಿಕೇರಿಯ ಕೋಟೆಯನ್ನು ಕಾಣಬಹುದು. ಅದರ ಅರಮನೆ ದಶಕಗಳ ಕಾಲ ಸರಕಾರಿ ಕಚೇರಿಯಾಗಿತ್ತು. ಒಳಗಿನ ಇಂಗ್ಲಿಷರ ಚರ್ಚು ವಸ್ತುಸಂಗ್ರಹಾಲಯವಾಯಿತು. ಕಾವಲುಗಾರನಿಗೆ ಹೆದರಿ ಜನರು ದೂರ ನಿಲ್ಲುತ್ತಿದ್ದ ಬಾಗಿಲಿನಲ್ಲಿ ಈಗ ಶಾಲಾ ಮಕ್ಕಳು ಸಾಲುಗಟ್ಟುತ್ತಾರೆ. ಸೈನ್ಯದ ಕಟ್ಟಡವನ್ನು ಕೆಡವದೆಯೂ ಬಳಸಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಇನ್ನು ನಮ್ಮ ಮೈದಾನದ ವಿಷಯ. ಸಂತೆಯನ್ನು ಎಪಿಎಂಸಿ ಪ್ರಾಂಗಣಕ್ಕೆ ಸ್ಥಳಾಂತರಿಸುವ ಪ್ರಯತ್ನ ಹಿಂದೆ ನಡೆದುದು, ವ್ಯಾಪಾರಿಗಳು ಅದನ್ನು ವಿರೋಧಿಸಿದುದು ನಿಮಗೆ ತಿಳಿದಿದೆ. ವಾಹನ ದಟ್ಟಣೆ, ಕಸ ಎಂಬ ಕಾರಣಗಳು ಸುಳ್ಳಲ್ಲ. ಕೊಳೆತ ತರಕಾರಿಯನ್ನು ಅಲ್ಲಿಯೇ ಬಿಟ್ಟು ಹೋಗುವವರಲ್ಲಿ ನಮ್ಮವರೂ ಇದ್ದಾರೆ, ಇದನ್ನು ಒಪ್ಪಿಕೊಳ್ಳೋಣ. ಆದರೆ ಬಸ್ಸಿನಿಂದಿಳಿದು ತಲೆಹೊರೆಯೊಂದಿಗೆ ಬರುವ ಹೆಂಗಸಿಗೆ ಪೇಟೆಯ ನಡುವಿನ ಜಾಗಕ್ಕೂ ದೂರದ ಪ್ರಾಂಗಣಕ್ಕೂ ಇರುವ ವ್ಯತ್ಯಾಸವನ್ನು ಕಾರಿನಲ್ಲಿ ಓಡಾಡುವವರು ಹೇಗೆ ಬಲ್ಲರು? ಅದೇ ಮೈದಾನದಲ್ಲಿ ಗಣೇಶೋತ್ಸವ ನಡೆಯುತ್ತದೆ, ರಾಜಕೀಯ ಸಭೆಗಳು ನಡೆಯುತ್ತವೆ. ಆದುದರಿಂದ ಇದನ್ನು ಒಂದು ಸಮುದಾಯದ ಬೇಡಿಕೆಯಾಗಿ ನಾವು ಎತ್ತಬಾರದು. ಬುಟ್ಟಿ ಹೆಣೆದು ತರುವವರು, ಬಸಳೆ ಬೆಳೆದು ತರುವವರು, ಎಲ್ಲರೂ ಜೊತೆಗಿರಬೇಕು.

ಕಾನೂನು ನಮ್ಮ ವಿರುದ್ಧವಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಕಲಮಿನ ಪ್ರಕಾರ ಸರಕಾರಿ ಭೂಮಿಯನ್ನು ಸಾರ್ವಜನಿಕ ಉದ್ದೇಶಕ್ಕೆ ಮೀಸಲಿಡಬಹುದು. ಹಾಗೆ ಮೀಸಲಿಟ್ಟುದನ್ನು ಜಿಲ್ಲಾಧಿಕಾರಿಗಳ ಮಂಜೂರಾತಿಯಿಲ್ಲದೆ ಬೇರೆ ಉಪಯೋಗಕ್ಕೆ ತಿರುಗಿಸುವಂತಿಲ್ಲ. ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಸೇರಿಸಿ ರಚಿಸಲಾದ ಕಡಬ ತಾಲೂಕಿನ ಸಹೋದರರು ಇದನ್ನು ವಿಶೇಷವಾಗಿ ಗಮನಿಸಬೇಕು. ಹೊಸ ತಾಲೂಕಿಗೆ ಕಚೇರಿ, ಆಸ್ಪತ್ರೆ, ಮೈದಾನ ಎಲ್ಲಕ್ಕೂ ನೆಲ ಬೇಕು. ಖಾಲಿ ಬಿದ್ದ ಸರಕಾರಿ ಜಾಗ ಎಲ್ಲೆಲ್ಲಿದೆ, ಅದರ ಪಹಣಿಯಲ್ಲಿ ಏನು ಬರೆದಿದೆ ಎಂಬುದನ್ನು ಈಗಲೇ ನೋಡಿಕೊಳ್ಳಿ. ಮುಂದಿನ ಗ್ರಾಮಸಭೆಗೆ ಆ ಪಹಣಿಯ ಪ್ರತಿಯೊಂದಿಗೆ ಹೋಗಿ, ಕಾದಿರಿಸುವ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿಕೊಂಡೇ ಹಿಂತಿರುಗಿ.